ಕಲಬುರಗಿಯ ಗೇರ್

"ಗೇರ್ ಪ್ಯಾರಿಸಿನಿಂದ ತರ್ಸೀನಿ ಅಂತ ಬರೀರಿ ದೌಲಪ್ಪಾರ, ನಿಮ್ಮ ಕಾರು ಮುಂದಿನ ಸಾಲಿನಾಗ ನಿಲ್ತದ," ಎಂದು ಹಳೆಯ ಕಾರುಗಳ ಸಂಘದ ಕಾರ್ಯದರ್ಶಿ ಮಹಾದೇವ ಪೆನ್ನು ಚಾಚಿದ. "ಮುಂದಿನ ಸಾಲು ಪೂರ್ತಿ ವಿದೇಶಿ ಕಾರಿಗಷ್ಟೇ. ಗೇರ್ ಇಲ್ಲೇ ಮಾಡಿದ್ದು ಅಂದ್ರ ಹಿಂದಿನ ಸಾಲೇ ಗತಿ ನೋಡ್ರಿ."

ಸೇಡಂ ರಸ್ತೆಯ ಮೈದಾನದಲ್ಲಿ ಅಂದು ಹಳೆಯ ವಿದೇಶಿ ಕಾರುಗಳ ಪ್ರದರ್ಶನ. ಕಮಲಾಪುರದ ದೌಲಪ್ಪನ ಕಪ್ಪು ಫ್ರೆಂಚ್ ಸಿಟ್ರೊಯೆನ್ ಕಾರಿನಂಥದ್ದು ಅಲ್ಲಿ ಇನ್ನೊಂದಿರಲಿಲ್ಲ. ಒಂದು ಗೇರ್ ಸಿಗದೆ ಅದು ಹನ್ನೆರಡು ವರ್ಷ ಅವನ ಬಾಳೆಹಣ್ಣಿನ ಗೋದಾಮಿನಲ್ಲಿ ಅಲುಗಾಡದೆ ನಿಂತಿತ್ತು. ಆ ಗೇರನ್ನು ಕಲಬುರಗಿಯ ರೋಜಾ ಬಡಾವಣೆಯ ತನ್ನ ಲೇಥ್ ಯಂತ್ರದಲ್ಲಿ ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಸರಿಯಾಗಿ ಮಾಡಿಕೊಟ್ಟವಳು ಆಸ್ಫಿಯಾ. ಅವಳು ಪಕ್ಕದಲ್ಲೇ ನಿಂತಿದ್ದಳು.

ದೌಲಪ್ಪ ಪೆನ್ನು ತೆಗೆದುಕೊಂಡ. ಮುಂದಿನ ಸಾಲನ್ನೊಮ್ಮೆ ಆಸೆಯಿಂದ ನೋಡಿದ.

"ಬರೀರಿ ಕಾಕಾ, ನಂಗೇನೂ ಬ್ಯಾಸರಿಲ್ಲ," ಎಂದಳು ಆಸ್ಫಿಯಾ. ಹಾಗೆನ್ನುವಾಗ ಅವಳು ಅವನ ಮುಖ ನೋಡಲಿಲ್ಲ.

ಅವನು ಕಾರಿನ ಪರಿಚಯ ಫಲಕದ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದ: 'ಕಾರು: ಫ್ರಾನ್ಸ್. ಗೇರ್: ಆಸ್ಫಿಯಾ, ರೋಜಾ, ಕಲಬುರಗಿ.' ಪೆನ್ನನ್ನು ಮಹಾದೇವನಿಗೆ ಮರಳಿಸಿ, ಕೀಲಿಯನ್ನು ಅವಳ ಕೈಗಿಟ್ಟ.

"ಹಿಂದಿನ ಸಾಲಿಗೆ ನೀನೇ ಒಯ್ದು ನಿಲ್ಲಸವ್ವಾ. ಗೇರ್ ಎಷ್ಟು ಸಲೀಸಾಗಿ ಬೀಳ್ತದಂತ ಇವ್ರೆಲ್ಲಾ ಕಿವಿಯಾರೆ ಕೇಳ್ಲಿ."