ಗೋಡೆ ಇಲ್ಲದ ನೀರು

ಈಜು ಟೀಚರ್ ನೀರಿನಿಂದ ತಲೆ ಎತ್ತಿದಾಗ ಎದುರಿಗೆ ತೆಪ್ಪ ಇರಬೇಕಿತ್ತು. ಇದ್ದದ್ದು ಗಂಡನ ಪಾದಗಳು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಜಲಾಶಯದ ಅಂಚಿನಲ್ಲಿ ನಿಂತಿದ್ದ ಅವನು, "ಇದೇನೇ, ವಾಪಸ್ ಬಂದ್ಯಲ್ಲ?" ಎಂದ. ಅವಳು ತಿರುಗಿ ನೋಡಿದಳು. ಹಲಗೆಯ ತೆಪ್ಪ ತಾನು ಹೊರಟಾಗ ಎಷ್ಟು ದೂರ ಇತ್ತೋ ಅಷ್ಟೇ ದೂರದಲ್ಲಿ, ನೀರಿನ ನಡುವೆ ಹಾಯಾಗಿ ತೇಲುತ್ತಿತ್ತು. ದಡದಲ್ಲಿ ಚಾಪೆ ಹಾಸಿಕೊಂಡು ಕೂತಿದ್ದ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ತಪ್ಪು ಅವಳದಲ್ಲ, ಅವಳ ಮೈಯದು. ಊರಿನ ಈಜುಕೊಳದಲ್ಲಿ ಹೆಂಗಸರಿಗೆ ಈಜು ಕಲಿಸುತ್ತ ವರ್ಷಗಳೇ ಕಳೆದಿವೆ. ಈ ಗೋಡೆಯಿಂದ ಆ ಗೋಡೆ, ಆ ಗೋಡೆಯಿಂದ ಈ ಗೋಡೆ. ಕೊಳದ ಉದ್ದ ಅವಳ ತೋಳುಗಳಿಗೆ ಬಾಯಿಪಾಠ. ಇವತ್ತೂ ಅಷ್ಟು ದೂರ ಹೋದ ಕೂಡಲೇ ಮೈ ತಾನಾಗಿ ಲಾಗ ಹಾಕಿತು. ಗೋಡೆಯನ್ನು ಒದೆಯಲು ಹೋದ ಕಾಲು ಬರೀ ನೀರನ್ನು ಒದೆಯಿತು. ಕೊಳದಲ್ಲಾದರೆ ತಳದ ಕಪ್ಪು ಗೆರೆ ದಾರಿ ತೋರಿಸುತ್ತದೆ. ಇಲ್ಲಿ ಕೆಳಗೆ ಹಸಿರು ಬಿಟ್ಟರೆ ಇನ್ನೇನೂ ಇಲ್ಲ. ಗಾಬರಿಯಲ್ಲಿ ಮೂತಿ ತಿರುಗಿದ ಕಡೆಗೇ ಈಜಿಬಿಟ್ಟಿದ್ದಳು.

ಗಂಡ ವಿಮೆ ಏಜೆಂಟ್. ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇಲ್ಲ. ಬಂದ ಗಳಿಗೆಯಿಂದ ಅಕ್ಕಪಕ್ಕದ ಚಾಪೆಯವರಿಗೆಲ್ಲ, "ನಮ್ಮನೆಯವಳನ್ನ ನೋಡ್ತಾ ಇರಿ, ನೀವು ಟೀ ಮುಗಿಸೋದ್ರೊಳಗೆ ಆ ತೆಪ್ಪ ಮುಟ್ತಾಳೆ" ಎಂದು ಕೊಚ್ಚಿಕೊಂಡಿದ್ದ. ಈಗ ಇಂಗು ತಿಂದ ಮಂಗನ ಹಾಗೆ ನಿಂತಿದ್ದ.

"ಸಾಕು, ಮೇಲೆ ಬಾ. ಬಟ್ಟೆ ಹಾಕ್ಕೋ, ಹೊರಡೋಣ."

"ಇನ್ನೊಂದ್ ಸಲ ಹೋಗ್ತೀನ್ರೀ."

"ಯಾಕೆ, ಉಳಿದಿರೋ ಮಾನನೂ ಕಳೆಯೋಕಾ? ಈಜು ಕಲಿಸೋಳು ಅಂತ ಬೇರೆ ಎಲ್ಲರಿಗೂ ಹೇಳ್ಬಿಟ್ಟಿದೀನಿ."

ಅವಳಿಗೆ ಅಳು ಬಂತು. ಮುಖ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಅಷ್ಟೇ. ಎಷ್ಟೋ ದಿನದಿಂದ ಕಾದು ಕಾದು ಸಿಕ್ಕಿದ ರಜೆ. ತೊಟ್ಟಿಯೊಳಗೆ ಅತ್ತಿಂದಿತ್ತ ಓಡಾಡಿ ಬೇಸತ್ತವಳಿಗೆ ಒಂದೇ ಒಂದು ಸಲ ಎಲ್ಲೂ ತಿರುಗದೆ, ಕಣ್ಣಿಗೆ ಕಂಡಷ್ಟು ದೂರ ನೆಟ್ಟಗೆ ಈಜಬೇಕೆಂಬ ಆಸೆ. ರಾತ್ರಿಯೆಲ್ಲ ಆ ಖುಷಿಗೇ ನಿದ್ದೆ ಬಂದಿರಲಿಲ್ಲ. ಇವತ್ತು ಹೀಗೇ ಬಟ್ಟೆ ಹಾಕಿಕೊಂಡು ಹೋದರೆ ಇವನು ಇನ್ನು ಈ ದಿಕ್ಕಿಗೆ ಕರೆದುಕೊಂಡು ಬರುವ ಮಾತೇ ಇಲ್ಲ ಎಂಬುದೂ ಗೊತ್ತಿತ್ತು.

ಚಾಪೆಯ ಮೇಲೆ ಕಿತ್ತಳೆ ಸುಲಿಯುತ್ತಿದ್ದ ಅತ್ತೆ, "ಅಲ್ಲೇನಾಯ್ತೇ?" ಎಂದರು.

"ಅಲ್ಲಿ ಗೋಡೆ ಇಲ್ಲ ಅತ್ತೆ. ಆದ್ರೂ ಮೈ ತಿರುಗ್ಬಿಡುತ್ತೆ. ಆಮೇಲೆ ಯಾವ ಕಡೆ ಹೋಗ್ಬೇಕು ಅಂತಾನೇ ತಿಳಿಯಲ್ಲ."

"ಯಾರಾದ್ರೂ ಮುಂದೆ ಕೂಗ್ತಾ ಹೋದ್ರೆ?"

"ಉಸಿರಿಗೆ ತಲೆ ಹೊರಳಿಸಿದಾಗ ಕೇಳಿಸುತ್ತೆ. ಆದ್ರೆ ಯಾರು ಕೂಗ್ತಾರೆ?"

ಅತ್ತೆ ಕಿತ್ತಳೆಯನ್ನು ಮಗನ ಕೈಗೆ ತುರುಕಿ ಎದ್ದರು. ಮೊಣಕಾಲುದ್ದ ನೀರಿಗೂ ಹೆದರುವ ಹೆಂಗಸು. ದೋಣಿ ಹತ್ತು ಎಂದಾಗಲೆಲ್ಲ ಬೆಳಗ್ಗೆಯಿಂದ ಮಾರು ದೂರ ಓಡಿದ್ದರು. ಈಗ ನೇರ ದೋಣಿಯವನ ಹತ್ತಿರ ಹೋಗಿ, ಲೈಫ್ ಜಾಕೆಟ್ ಬಿಗಿಸಿಕೊಂಡು, ಕಣ್ಣು ಮುಚ್ಚಿ ಹಲಗೆಯ ಮೇಲೆ ಕೂತೇಬಿಟ್ಟರು. "ಅಮ್ಮಾ, ನಿನಗೇನು ತಲೆ ಕೆಟ್ಟಿದ್ಯಾ?" ಎಂದು ಮಗ ಓಡಿ ಬರುವಷ್ಟರಲ್ಲಿ ದೋಣಿ ಹೊರಟಾಗಿತ್ತು. ಸೊಸೆ ಅದರ ಹಿಂದೆಯೇ ಧುಮುಕಿದ್ದಳು.

ತಳ್ಳುಗಾಡಿಯಲ್ಲಿ ತರಕಾರಿ ಮಾರಿ ಮಗನನ್ನು ಸಾಕಿದ ಗಂಟಲು ಅದು. ಮೂರನೇ ಮಹಡಿಯ ಅಡುಗೆಮನೆಯಲ್ಲಿದ್ದವರನ್ನೂ ಕೆಳಗಿಳಿಸುತ್ತಿತ್ತು. "ಬಾರೇ, ಈ ಕಡೆ ಬಾರೇ" ಎಂದು ಶುರುವಾಯಿತು. ದೋಣಿ ಅಲುಗಿದಂತೆಲ್ಲ ಅತ್ತೆಯ ಜೀವ ಬಾಯಿಗೆ ಬಂತು, ಭಯಕ್ಕೆ ಬೇರೆ ಮಾತೇ ಹೊಳೆಯದೆ ಹಳೆಯ ಕೂಗೇ ಹೊರಟಿತು. "ಟೊಮೇಟೋ... ಬದನೇಕಾಯ್... ಎಳೇ ಬೆಂಡೇಕಾಯ್..."

ದಡದ ಜನ ಎದ್ದು ನಿಂತರು. ಸೊಸೆಯ ತೋಳುಗಳಿಗೆ ಗೊತ್ತಿದ್ದ ಉದ್ದ ಮುಗಿಯಿತು, ಬೆನ್ನು ಬಾಗತೊಡಗಿತು, ಅಷ್ಟರಲ್ಲಿ ಎದುರಿನಿಂದ "ಸೌತೇಕಾಯ್" ಎಂದು ಕೂಗು ಬಂತು. ಅವಳು ತಿರುಗಲಿಲ್ಲ. ನಗು ತಡೆಯಲಾರದೆ ಒಂದು ಗುಟುಕು ನೀರು ಕುಡಿದಳು, ಕೆಮ್ಮಿದಳು, ಮತ್ತೆ ಕೈ ಬೀಸಿದಳು. ಅಲ್ಲಿಂದಾಚೆಗೆ ನೀರು ತಣ್ಣಗಿತ್ತು, ಹೊಸದಾಗಿತ್ತು, ಮುಗಿಯುತ್ತಲೇ ಇರಲಿಲ್ಲ. ಇಷ್ಟೊಂದು ನೀರು ತನ್ನೊಬ್ಬಳಿಗೇ ಎನ್ನುವ ಸಂತೋಷಕ್ಕೆ ಅವಳ ಕೈಕಾಲು ದಣಿಯುವುದನ್ನೇ ಮರೆತವು. ಕೈಗೆ ಒರಟು ಹಲಗೆ ತಗುಲಿದಾಗ ಅದನ್ನೇ ಗಟ್ಟಿಯಾಗಿ ತಬ್ಬಿಕೊಂಡಳು.

ತೆಪ್ಪ ಹತ್ತಿ ಅತ್ತೆಯನ್ನೂ ಕೈ ಹಿಡಿದು ಎಳೆದುಕೊಂಡಳು. ಇಬ್ಬರೂ ಏದುಸಿರು ಬಿಡುತ್ತ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಕೂತರು. ದೂರದ ದಡದಲ್ಲಿ ಮಗ ನೀರಿನ ಅಂಚಿಗೆ ಬಂದು ಎರಡೂ ಕೈ ಬೀಸುತ್ತಿದ್ದ, ಅತ್ತಿಂದಿತ್ತ ಓಡಾಡುತ್ತಿದ್ದ. ಏನೋ ಕೂಗಿ ಹೇಳುತ್ತಿದ್ದಾನೆಂದು ಮಾತ್ರ ತಿಳಿಯುತ್ತಿತ್ತು. ಗಾಳಿ ಇಲ್ಲಿಂದ ಅತ್ತ ಬೀಸುತ್ತಿದ್ದರಿಂದ ಒಂದು ಮಾತೂ ಇವರವರೆಗೆ ಬರಲಿಲ್ಲ.

ಅತ್ತೆ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಅವನನ್ನೇ ನೋಡಿದರು.

"ಮಾತು ಕೇಳಿಸದಷ್ಟು ದೂರದಿಂದ ನೋಡಿದ್ರೆ ನನ್ ಮಗ ಎಷ್ಟು ಲಕ್ಷಣವಾಗಿದ್ದಾನೆ ಕಣೇ," ಎಂದರು. "ಇನ್ನೊಂಚೂರು ಹೊತ್ತು ಇಲ್ಲೇ ಇರೋಣ."