ಬುಧವಾರದ ಕೆಮ್ಮು

ಗಿರಣಿ ಮಾವ ಬುಧವಾರ ಕೆಮ್ಮಿದ. ಅದೇ ಶನಿವಾರ ಕೆಮ್ಮಿದ್ದರೆ ಬೀದಿಯಲ್ಲಿ ಒಬ್ಬರೂ ತಲೆ ಎತ್ತಿ ನೋಡುತ್ತಿರಲಿಲ್ಲ. ತನ್ನ ಹಿಟ್ಟಿನ ಗಿರಣಿಯಲ್ಲಿ ಆತ ಮೆಣಸಿನಕಾಯಿ ಬೀಸುತ್ತಿದ್ದುದು ಶನಿವಾರ ಮಾತ್ರ, ಅದೂ ಎಲ್ಲರ ಗೋಧಿ ಮುಗಿದ ಮೇಲೆ. ಇಲ್ಲದಿದ್ದರೆ ಮುಂದಿನವರ ಹಿಟ್ಟಿಗೂ ಖಾರ ಹತ್ತುತ್ತದಲ್ಲ! ಅವತ್ತು ಅವನ ಕೆಮ್ಮು ಕೇಳಿಯೇ ಹೆಂಗಸರು ಖಾರದ ಡಬ್ಬಿ ಹಿಡಿದು ಹೊರಡುತ್ತಿದ್ದರು. ಆದರೆ ಇದು ಬುಧವಾರ. ಹೊಸ ರೋಗದ ಭಯಕ್ಕೆ ಅಂಗಡಿಗಳನ್ನೆಲ್ಲ ಮುಚ್ಚಿಸಿದ್ದರು. ಮಷೀನಿನ ಸದ್ದಿಲ್ಲ, ಶಟರು ಕೆಳಗಿದೆ, ಒಳಗೆ ಮಾವ ಕರುಳು ಕಿತ್ತು ಬರುವ ಹಾಗೆ ಕೆಮ್ಮುತ್ತಿದ್ದಾನೆ.

ಗೋಡೆಯಾಚೆ ಟೈಲರಮ್ಮ ಮಾಸ್ಕ್ ಹೊಲಿಯುತ್ತಿದ್ದಳು. ಮುಲಾಮು ಬಳಿದ ಮೂಗಿನೊಳಗೆ ರೋಗ ನುಗ್ಗುವುದಿಲ್ಲ ಎಂದು ಯಾರೋ ಯಾರಿಗೋ ಹೇಳಿದ್ದು ಅವಳ ಫೋನಿಗೂ ಬಂದಿತ್ತು; ಎರಡೂ ಹೊಳ್ಳೆಗೆ ಮೆತ್ತಿಕೊಂಡು ಕೂತಿದ್ದಳು. ಮೂಗು ಸತ್ತಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಹೊಲಿಗೆ ನಿಲ್ಲಿಸಿ ಆಲಿಸಿದಳು. ಹೆದರಿದಳು, ಸುಳ್ಳೇಕೆ ಹೇಳಬೇಕು. ಒಳಕೋಣೆಯಲ್ಲಿ ಉಬ್ಬಸದ ಅಮ್ಮ ಮಲಗಿದ್ದಳು. ಬಾಗಿಲು ಹಾಕಿಕೊಂಡು ಸಹಾಯವಾಣಿಗೆ ಫೋನ್ ಮಾಡಿ ಪಿಸುಗುಟ್ಟಿದಳು. "ಪಕ್ಕದ ಗಿರಣಿಯವರು ತುಂಬಾ ಕೆಮ್ತಿದ್ದಾರೆ. ನನ್ನ ಹೆಸರು ಮಾತ್ರ ಬೇಡ."

ಬಿಳಿ ಕವಚ ತೊಟ್ಟವರು ವ್ಯಾನಿನಲ್ಲಿ ಬಂದರು. ಮಾವನ ಕಣ್ಣು ಕೆಂಡ, ಮೂಗಿನಲ್ಲಿ ನೀರು. "ಮೆಣಸಿನಕಾಯಿ ಘಾಟು ಕಣ್ರಪ್ಪಾ! ಬರೀ ಘಾಟು! ನಂಗೇನೂ ಆಗಿಲ್ಲ!" ಎನ್ನುವಷ್ಟರಲ್ಲಿ ಮತ್ತೆ ಕೆಮ್ಮು.

ಎದುರುಮನೆ ದೊಡ್ಡಮ್ಮ ಕಿಟಕಿಯಿಂದ ವಿಡಿಯೋ ಮಾಡುತ್ತಲೇ ಕೂಗಿದಳು. "ಬುಧವಾರ ಎಂಥಾ ಮೆಣಸಿನಕಾಯಯ್ಯಾ? ಹೇಳೋ ಸುಳ್ಳನ್ನಾದ್ರೂ ನೆಟ್ಟಗೆ ಹೇಳು!" ಬೀದಿಗೆ ಬೀದಿಯೇ ನಕ್ಕಿತು. ಟೈಲರಮ್ಮನೂ ಪರದೆಯ ಹಿಂದೆ ನಿಂತು ನಕ್ಕಳು, ನಕ್ಕುಬಿಟ್ಟರೆ ಫೋನ್ ಮಾಡಿದವಳು ತಾನಲ್ಲ ಎನ್ನುವ ಹಾಗೆ.

ಆಮೇಲೆ ಶುರುವಾಯಿತು ನೋಡಿ, ಅಂತೆಕಂತೆಗಳ ಸಂತೆ. ಬಂದಿರಬಹುದು ಎಂದದ್ದು ಬಂದೇ ಬಿಟ್ಟಿದೆ ಎಂದಾಯಿತು. ಸಂಜೆಯ ಹೊತ್ತಿಗೆ ಆತ ಹಿಟ್ಟಿನೊಳಗೇ ಕೆಮ್ಮಿದ್ದನಂತೆ, ಆ ಹಿಟ್ಟು ತಿಂದ ಮನೆಯಲ್ಲಿ ಒಬ್ಬರು ಹೋಗಿಯೇಬಿಟ್ಟರಂತೆ. ಯಾವ ಮನೆ? ಅದು ಮಾತ್ರ ಯಾರಿಗೂ ಗೊತ್ತಿಲ್ಲ. ಚಿನ್ನದಂಥ ಹಿಟ್ಟನ್ನು ತಂದು ತಂದು ಚರಂಡಿಗೆ ಸುರಿದರು. ಟೈಲರಮ್ಮನೂ ಸುರಿದಳು.

ಮಾವನಿಗೆ ಯಾವ ರೋಗವೂ ಇಲ್ಲ ಎಂದು ಪರೀಕ್ಷೆಯಲ್ಲಿ ಬಂತು. ಮಾವನೂ ಬಂದ. ಅಂಗಡಿ ತೆರೆಯಬಹುದು ಎಂದ ದಿನ ಶಟರೂ ಮೇಲೆ ಹೋಯಿತು. ಗಿರಾಕಿ ಮಾತ್ರ ಬರಲಿಲ್ಲ. ಹೆಂಗಸರು ಡಬ್ಬಿ ಹೊತ್ತು ಅವನ ಕಣ್ಣೆದುರಿಗೇ ಬೇರೆ ಬೀದಿಯ ಗಿರಣಿಗೆ ಹೋದರು. ಟೈಲರಮ್ಮ ಒಮ್ಮೆ ಗೋಧಿ ಹಿಡಿದು ತನ್ನ ಮನೆ ಹೊಸಿಲವರೆಗೆ ಬಂದಿದ್ದಳು. ಎದುರು ಕಿಟಕಿಯಲ್ಲಿ ದೊಡ್ಡಮ್ಮ ಕಂಡಳು. ಗೋಧಿ ಮತ್ತೆ ಒಳಗೆ ಹೋಯಿತು.

ಒಂದು ಮಧ್ಯಾಹ್ನ ಮಾವನ ಹೆಂಡತಿ ಬಂದು ಟೈಲರಮ್ಮನ ಮನೆ ಮೆಟ್ಟಿಲ ಕೆಳಗೇ ನಿಂತಳು.

"ಮಷೀನು ಮಾರಿಬಿಟ್ವಮ್ಮಾ. ನಾಳೆ ನನ್ನ ತಮ್ಮನ ಮನೆಗೆ ಹೋಗ್ತಿದ್ದೀವಿ."

"ಅಯ್ಯೋ, ಯಾಕತ್ತೆ? ಇನ್ನೊಂದು ನಾಲ್ಕು ದಿನ ನೋಡಬಹುದಿತ್ತು."

"ನೊಣ ಹೊಡ್ಕೊಂಡು ಎಷ್ಟು ದಿನ ಕೂರೋದು? ಯಾರೋ ಪುಣ್ಯಾತ್ಮರು ಫೋನ್ ಮಾಡಿದ್ರಂತಲ್ಲ, ಅವರ ಹೊಟ್ಟೆ ತಣ್ಣಗಿರಲಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಟೈಲರಮ್ಮ ಕತ್ತಿನಲ್ಲಿದ್ದ ಅಳತೆ ಟೇಪು ಮುಟ್ಟಿ ನೋಡಿಕೊಂಡಳು. "ಯಾರಂತೆ?" ಎಂದಳು ಮೆಲ್ಲಗೆ.

"ಯಾರಾದ್ರೇನು ಬಿಡು. ಇದು ನಿನ್ನದು, ತಗೋ." ಅತ್ತೆ ಚೀಲದಿಂದ ಒಂದು ಡಬ್ಬಿ ತೆಗೆದು ಮೆಟ್ಟಿಲ ಮೇಲಿಟ್ಟಳು. ಅದರ ಹಿಡಿಗೆ ಹಸಿರು ಬಟ್ಟೆಯ ಚೂರೊಂದು ಕಟ್ಟಿತ್ತು. ಗುರುತಿಗೆಂದು ಟೈಲರಮ್ಮನೇ ಕಟ್ಟಿದ್ದು. "ಮೆಣಸಿನಕಾಯಿ ಕೊಟ್ಟು ಹೋಗಿದ್ದೆಯಲ್ಲ, ಮರೆತೇಬಿಟ್ಯಾ? ಶನಿವಾರ ಬರೋಷ್ಟರಲ್ಲಿ ಎಲ್ಲಾ ಬಂದ್ ಆಯ್ತು, ಮಷೀನು ಹಾಕೋ ಹಾಗಿಲ್ಲ. ಪಾಪ, ಹುಡುಗಿ ಮನೇಲಿ ಖಾರ ಮುಗಿದಿರತ್ತೆ ಅಂತ ಇವರೇ ಒಳಗೆ ಕೂತು ಕುಟ್ಟಿದ್ರು. ಪೊಲೀಸರಿಗೆ ಸದ್ದು ಕೇಳಬಾರದು ಅಂತ ಒರಳಿನ ಕೆಳಗೆ ಗೋಣಿಚೀಲ ಬೇರೆ. ಅವತ್ತು, ಆ ಬುಧವಾರ."

ಅತ್ತೆ, ಫೋನ್ ಮಾಡಿದ್ದು ನಾನೇ. ಟೈಲರಮ್ಮ ಹೇಳಬೇಕಿದ್ದದ್ದು ಇಷ್ಟೇ. ನಾಚಿಕೆಯಿಂದ ಅತ್ತೆಯ ಮುಖ ನೋಡಲಾರದೆ ಬಗ್ಗಿ ಡಬ್ಬಿ ಎತ್ತಿಕೊಂಡಳು. ಸುಮ್ಮನೆ ಕೈಗೊಂದು ಕೆಲಸ ಬೇಕಾಗಿ ಮುಚ್ಚಳ ಕಿತ್ತಳು.

ಪುಡಿ ಹಾರಿ ಘಾಟು ನೇರ ಮೂಗಿಗೆ ನುಗ್ಗಿತು. ಮಾಸ್ಕ್ ಗಲ್ಲದ ಮೇಲಿತ್ತು. ಕೆಮ್ಮಿದಳು, ಮತ್ತೆ ಕೆಮ್ಮಿದಳು, ಬಾಗಿಲ ಚೌಕಟ್ಟು ಹಿಡಿದುಕೊಂಡು ಕಣ್ಣಲ್ಲಿ ನೀರು ಸುರಿಯುವ ತನಕ ಕೆಮ್ಮಿದಳು. ಎದುರು ಕಿಟಕಿಯಲ್ಲಿ ದೊಡ್ಡಮ್ಮನ ಮುಖ, ಮುಖದ ಪಕ್ಕ ಫೋನು.

"ಘಾಟು... ದೊಡ್ಡಮ್ಮಾ, ಬರೀ ಮೆಣಸಿನಕಾಯಿ ಘಾಟು..."

"ಇವತ್ತು ಶನಿವಾರ ಅಲ್ವಲ್ಲೇ!" ಎಂದಳು ದೊಡ್ಡಮ್ಮ. ಕಿಟಕಿ ಮುಚ್ಚಿತು. ಅದರ ಪಕ್ಕದ ಮನೆಯದೂ ಮುಚ್ಚಿತು.

ಮೆಟ್ಟಿಲ ಕೆಳಗೆ ನಿಂತಿದ್ದ ಅತ್ತೆ ಮಾತ್ರ ಮೇಲೆ ಹತ್ತಿ ಬಂದು ಅವಳ ಬೆನ್ನು ನೀವತೊಡಗಿದಳು.

"ಗೊತ್ತು ಕಣಮ್ಮಾ," ಎಂದಳು, "ಘಾಟೇ."