ಹಳೆಯ ವೈರು

ಮಗಳ ಬೆರಳು ಹೊಸ ಗೇಮಿಂಗ್ ಕಂಪ್ಯೂಟರಿನ ಸ್ವಿಚ್ಚಿನ ಮೇಲಿತ್ತು. "ತಡಿಯೇ," ಎಂದಳು ಅಮ್ಮ.

"ನಿಂಗೆ ಇದೆಲ್ಲ ಗೊತ್ತಾಗಲ್ಲಮ್ಮ. ಮುಟ್ಟಬೇಡ ಅಂದಿದ್ನಲ್ಲ." ಒಂದೊಂದೇ ಭಾಗ ಕೂಡಿಸಲು ಮಗಳಿಗೆ ವರ್ಷ ಹಿಡಿದಿತ್ತು. ಭಾಗಗಳಿಗೆಲ್ಲ ಕರೆಂಟು ಹಂಚುವ ಹಳೆಯ ಪವರ್ ಸಪ್ಲೈ ಸಾಲದೆಂದು ನಿನ್ನೆಯಷ್ಟೇ ದೊಡ್ಡದನ್ನು ತಂದು ಕೂರಿಸಿದ್ದಳು. ಇಪ್ಪತ್ತು ವರ್ಷ ರಕ್ತನಿಧಿಯಲ್ಲಿ ಚೀಲಗಳ ಚೀಟಿ ಓದಿದ ಕಣ್ಣು ಅಮ್ಮನದು. ಉಪ್ಪಿನ ಡಬ್ಬಿಯನ್ನೂ ಎರಡು ಸಲ ಓದಿಯೇ ತೆರೆಯುತ್ತಾಳೆಂದು ಮನೆಯವರೆಲ್ಲ ನಗುತ್ತಿದ್ದರು. ಈಗ ಆ ಕಣ್ಣು ಒಂದು ವೈರಿನ ಮೇಲೆ ನಿಂತಿತ್ತು.

"ಸಪ್ಲೈ ಮೇಲೆ ಒಂದು ಕಂಪನಿ ಹೆಸರಿದೆ, ಈ ವೈರಿನ ಮೇಲೆ ಇನ್ನೊಂದಿದೆಯಲ್ಲೇ?"

"ಅದು ಹಳೇ ಸಪ್ಲೈದು. ಸರಿಯಾಗೇ ಕೂತಿದೆ, ನೋಡು."

"ಸೂಜಿ ಯಾರ ತೋಳಿಗಾದ್ರೂ ಕೂರುತ್ತೆ ಕಣೇ. ರಕ್ತ ಹೊಂದಬೇಡ್ವಾ?"

ಮಗಳು ನಕ್ಕು, ಅಮ್ಮನ ಸಮಾಧಾನಕ್ಕೆಂದು ಹೊಸ ಸಪ್ಲೈ ಜೊತೆ ಬಂದಿದ್ದ ಪುಸ್ತಿಕೆ ತೆರೆದಳು. ಬೇರೆ ಸಪ್ಲೈಯ ವೈರು ಹಾಕಿದರೆ ಭಾಗಗಳೆಲ್ಲ ಸುಟ್ಟುಹೋಗಬಹುದೆಂದು ಮೊದಲ ಪುಟದಲ್ಲೇ ಇತ್ತು. ಅವಳ ನಗು ಆರಿತು. ಗೋಡೆಯ ಪ್ಲಗ್ ಕಿತ್ತು, ಪಕ್ಕಕ್ಕೆ ಸರಿದು, ಅಮ್ಮನಿಗೆ ಕೂರಲು ಜಾಗ ಮಾಡಿಕೊಟ್ಟಳು.

"ಉಳಿದ ವೈರುಗಳನ್ನೂ ಓದಮ್ಮ. ಎರಡೆರಡು ಸಲ."